ಇದೆ, ಆದರೆ ಸಿಗುವುದಿಲ್ಲ

ಕೊಲ್ಕತ್ತದ ದಕ್ಷಿಣದ ತುದಿಯಲ್ಲಿರುವ ಜೋಕಾದಲ್ಲಿ ಎರಡು ಸಂಗ್ರಹಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಏನೇನೂ ಸಂಬಂಧವಿಲ್ಲ. ಮೊದಲನೆಯದು ಗುರುಸದಯ ಸಂಗ್ರಹಾಲಯ. ಐಸಿಎಸ್ ಅಧಿಕಾರಿಯಾಗಿ ಬಂಗಾಳದ ಜಿಲ್ಲೆಗಳನ್ನು ಸುತ್ತಿದ ಗುರುಸದಯ ದತ್ತ ಅವರು ಹೋದಲ್ಲೆಲ್ಲ ಕೂಡಿಸಿದ ಕಾಂಥಾ ಕೌದಿಗಳು, ಪಟಚಿತ್ರಗಳು, ಮರದ ಕೆತ್ತನೆಗಳು, ಸುಟ್ಟ ಮಣ್ಣಿನ ಫಲಕಗಳು ಅಲ್ಲಿವೆ. ಎರಡನೆಯದು ಐಐಎಂ ಕಲ್ಕತ್ತಾದ ಬಿ.ಸಿ. ರಾಯ್ ಸ್ಮಾರಕ ಗ್ರಂಥಾಲಯ. 1961ರಲ್ಲಿ ಬ್ಯಾರಕ್‌ಪುರ ಟ್ರಂಕ್ ರಸ್ತೆಯ ಹಳೆಯ ಮನೆಯೊಂದರಲ್ಲಿ ಶುರುವಾದ ಸಂಸ್ಥೆ ಅದು, ಜೋಕಾಗೆ ಬಂದದ್ದು ಆಮೇಲೆ.

ದತ್ತರು 1941ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ನಿಂತ ಸಂಗ್ರಹಕ್ಕೆ ಒಮ್ಮೆ ಕುಳಿತು ಪಟ್ಟಿ ಮಾಡಿದರೆ ಸಾಕು. ತಪ್ಪಿದ್ದರೆ ತಿದ್ದಬಹುದು, ಮನಸ್ಸು ಬಂದರೆ ಇಡೀ ಪಟ್ಟಿಯನ್ನೇ ಹೊಸದಾಗಿ ಬರೆಯಬಹುದು. ಕೌದಿಗಳು ಕಾಯುತ್ತವೆ. ಗ್ರಂಥಾಲಯದ ಪಾಡು ಬೇರೆ. ಅದರ ವ್ಯವಸ್ಥೆ ಕಪಾಟಿನಲ್ಲಿರುವ ಪುಸ್ತಕಗಳಿಗೆ ಹೊಂದಿದರೆ ಸಾಲದು, ಇನ್ನೂ ಯಾರೂ ಬರೆಯದ ಪುಸ್ತಕಕ್ಕೂ ಅದರಲ್ಲಿ ಜಾಗ ಇರಬೇಕು. ಇಲ್ಲದಿದ್ದರೆ ಪ್ರತಿ ಹತ್ತು ವರ್ಷಕ್ಕೊಮ್ಮೆ ಎಲ್ಲವನ್ನೂ ಕೆಳಗಿಳಿಸಿ ಮತ್ತೆ ಜೋಡಿಸಬೇಕಾಗುತ್ತದೆ.

ಕನ್ನಡದ ಪುಸ್ತಕ, ಪತ್ರಿಕೆ, ಶಾಸನಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಎರಡು ದಶಕದಿಂದ ನಡೆದಿದೆ. ಅದರ ಬಗ್ಗೆ ಮಾತು ಬಂದಾಗ ಕೇಳುವುದು ಒಂದೇ ಲೆಕ್ಕ: ಎಷ್ಟು ಪುಟ ಸ್ಕ್ಯಾನ್ ಆಯಿತು? ಗುರುಸದಯ ದತ್ತರ ಕೌದಿಗಳಿಗೆ ಈ ಲೆಕ್ಕ ಹೊಂದುತ್ತದೆ. ದಿನದಿನಕ್ಕೂ ಬೆಳೆಯುವ ರಾಶಿಗೆ ಹೊಂದುವುದಿಲ್ಲ. ಬೆಳೆಯುವ ರಾಶಿಯಲ್ಲಿ ಒಂದು ಪುಸ್ತಕ ಒಳಗೆ ಬರುವ ದಿನ ಅದರ ಬಗ್ಗೆ ಏನು ಬರೆದಿಟ್ಟರು ಎಂಬುದರ ಮೇಲೆಯೇ ಅದು ಮುಂದೆ ಯಾರಿಗಾದರೂ ಸಿಗುತ್ತದೆಯೋ ಇಲ್ಲವೋ ನಿಂತಿರುತ್ತದೆ. ಆ ದಿನ ಉಳಿಸಿದ ಐದು ನಿಮಿಷವನ್ನು ಮುಂದೆ ಹುಡುಕುವ ಪ್ರತಿಯೊಬ್ಬರೂ ತಲಾ ಒಂದು ಗಂಟೆಯಂತೆ ತೀರಿಸಬೇಕಾಗುತ್ತದೆ. ಬಹಳ ಜನ ತೀರಿಸುವುದೇ ಇಲ್ಲ, ಸಿಗಲಿಲ್ಲ ಎಂದು ಎದ್ದು ಹೋಗುತ್ತಾರೆ.

ಈ ಮಾತು ಹೊಸದೇನಲ್ಲ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆನ್ನುತ್ತದೆ, ಐದನೆಯದು ಗ್ರಂಥಾಲಯ ಬೆಳೆಯುವ ಜೀವಿ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ. ಜೀವಿ ಬೆಳೆದಷ್ಟೂ ಓದುಗನ ಸಮಯ ಹಾಳಾಗುವುದೇ ಸಹಜ, ಅದನ್ನು ತಡೆಯುವುದಕ್ಕೆ ವಿದ್ಯೆ ಬೇಕು. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಕೇಂದ್ರ ಸೇರಿರುವುದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ, ಅಂದರೆ ಐಎಸ್‌ಐಗೆ. ಅದರ ಮೂಲಮನೆ ಕೊಲ್ಕತ್ತದ ಬಾರಾನಗರದಲ್ಲಿದೆ.

ರಂಗನಾಥನ್ನರಿಗೂ ಹಿಂದೆ, 1876ರಲ್ಲಿ, ಅಮೆರಿಕದ ಮೆಲ್ವಿಲ್ ಡ್ಯೂಯಿ ಒಂದು ಗಂಟು ಬಿಡಿಸಿದ್ದರು. ಅಲ್ಲಿಯವರೆಗೆ ಬಹಳಷ್ಟು ಗ್ರಂಥಾಲಯಗಳಲ್ಲಿ ಪುಸ್ತಕದ ಸಂಖ್ಯೆ ಎಂದರೆ ಅದು ಇರುವ ಜಾಗದ ವಿಳಾಸ: ಇಂಥ ಕೋಣೆ, ಇಂಥ ಕಪಾಟು, ಇಂಥ ಹಲಗೆ. ಹಲಗೆ ತುಂಬಿದರೆ ವಿಳಾಸಗಳೆಲ್ಲ ಕೆಡುತ್ತಿದ್ದವು. ಡ್ಯೂಯಿ ಸಂಖ್ಯೆಯನ್ನು ಹಲಗೆಯಿಂದ ಬಿಡಿಸಿ ವಿಷಯಕ್ಕೆ ಕಟ್ಟಿದರು, ದಶಾಂಶದ ಚುಕ್ಕೆ ಇಟ್ಟರು. ದಶಾಂಶದಲ್ಲಿ ಯಾವ ಎರಡು ಸಂಖ್ಯೆಗಳ ನಡುವೆಯೂ ಮೂರನೆಯದನ್ನು ಸೇರಿಸಬಹುದಾದ್ದರಿಂದ ಹೊಸ ಪುಸ್ತಕ ಬಂದಾಗ ಹಳೆಯವು ಸ್ವಲ್ಪ ಸರಿದು ಕೂರುತ್ತವೆ, ಅವುಗಳ ಸಂಖ್ಯೆ ಬದಲಾಗುವುದಿಲ್ಲ.

ಆದರೆ ಮರದ ಕೊಂಬೆಗಳನ್ನು ಡ್ಯೂಯಿ ಮೊದಲೇ ಎಣಿಸಿ ಇಟ್ಟುಬಿಟ್ಟಿದ್ದರು, ಅದೂ ತಮ್ಮ ಊರಿನ ಕಿಟಕಿಯಿಂದ ಕಂಡಷ್ಟು. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ಅಂಕಣ. ಸಾವಿರ ವರ್ಷಕ್ಕೂ ಹಿಂದಿನ ಕನ್ನಡ ಸಾಹಿತ್ಯಕ್ಕೆ 'ಇತರ ಭಾಷೆಗಳು' ಎಂಬ 890ರ ಮೂಲೆಯಲ್ಲಿ 894.814. ಇದು ಅವಮಾನದ ಪ್ರಶ್ನೆ ಎಂದು ಸಿಟ್ಟಾಗುವವರಿದ್ದಾರೆ. ಕೆಲಸದ ದೃಷ್ಟಿಯಿಂದಲೂ ಅದು ತೊಂದರೆಯೇ. ಕನ್ನಡದ ಪುಸ್ತಕವನ್ನು ಇನ್ನಷ್ಟು ವಿವರವಾಗಿ ವಿಂಗಡಿಸಬೇಕೆಂದರೆ ಬೆನ್ನಿನ ಚೀಟಿಯಲ್ಲಿ ಅಂಕಿಗಳ ರೈಲುಬಂಡಿಯೇ ಹೋಗಬೇಕು.

ಅಕ್ಕಮಹಾದೇವಿಯ ವಚನಗಳನ್ನು ಕುರಿತ ಅಧ್ಯಯನವೊಂದು ಗ್ರಂಥಾಲಯಕ್ಕೆ ಬಂದಿತೆನ್ನಿ. ಅದು ಸಾಹಿತ್ಯವೋ, ಧರ್ಮವೋ, ತತ್ತ್ವಶಾಸ್ತ್ರವೋ, ಹೆಣ್ಣುಮಕ್ಕಳ ಚರಿತ್ರೆಯೋ, ಹನ್ನೆರಡನೆಯ ಶತಮಾನದ ಕಲ್ಯಾಣದ ಇತಿಹಾಸವೋ? ಮರದಂಥ ವರ್ಗೀಕರಣದಲ್ಲಿ ಅದಕ್ಕೆ ಒಂದೇ ಕೊಂಬೆ. ಸಾಹಿತ್ಯದಲ್ಲಿಟ್ಟರೆ ಧರ್ಮದ ಕಪಾಟಿನ ಮುಂದೆ ನಿಂತವರಿಗೆ ಅದು ಇಲ್ಲವೇ ಇಲ್ಲ. ಇದಕ್ಕೆ ರಂಗನಾಥನ್ ಹುಡುಕಿದ ದಾರಿಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಆಟಿಕೆ ಪ್ರೇರಣೆ ಎಂದು ಅವರೇ ಹೇಳುತ್ತಿದ್ದರು. ಸಿದ್ಧ ಗೊಂಬೆಗಳ ಬದಲು ಪಟ್ಟಿ, ತಿರುಪು, ಚಕ್ರಗಳನ್ನು ಕೊಟ್ಟು ಬೇಕಾದ್ದನ್ನು ಕಟ್ಟಿಕೊಳ್ಳಿ ಎನ್ನುವ ಆಟಿಕೆ ಅದು. 1933ರ ಅವರ ಕೋಲನ್ ವರ್ಗೀಕರಣದಲ್ಲಿ ವಿಷಯಗಳನ್ನು ಮುಂಚೆಯೇ ಎಣಿಸಿ ಮುಗಿಸುವುದಿಲ್ಲ. ಪುಸ್ತಕದ ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಗುರುತಿಸಿ ಜೋಡಿಸುತ್ತಾರೆ: ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ. ನಾಳೆ ಹೊಸ ವಿಷಯ ಹುಟ್ಟಿದರೆ ಹೊಸ ಜೋಡಣೆ ಸಾಕು, ಮರವನ್ನು ಕಡಿದು ಮತ್ತೆ ನೆಡಬೇಕಾಗಿಲ್ಲ. ಕೋಲನ್ ಸಂಖ್ಯೆಗಳು ಕಪಾಟಿನ ಮೇಲೆ ಗೆಲ್ಲಲಿಲ್ಲ, ಅವು ಓದುವುದಕ್ಕೇ ಕಷ್ಟ. ಆದರೆ ಆನ್‌ಲೈನ್ ಅಂಗಡಿಯಲ್ಲಿ ಬೆಲೆ, ಬಣ್ಣ, ಅಳತೆ ಎಂದು ಬದಿಯಲ್ಲಿ ಗುರುತು ಹಾಕಿ ಸೀರೆ ಹುಡುಕುವವರೆಲ್ಲ ಹೆಚ್ಚುಕಡಿಮೆ ಅದೇ ಉಪಾಯವನ್ನು ಬಳಸುತ್ತಿರುತ್ತಾರೆ.

ಜೋಕಾದಿಂದ 2022ರ ಕೊನೆಯಲ್ಲಿ ಶುರುವಾದ ಮೆಟ್ರೊ ಈಗ ಮಾಝೇರ್‌ಹಾಟ್‌ವರೆಗೆ ಬರುತ್ತದೆ. ಅಲ್ಲಿಂದ ಆಲಿಪುರದ ಬೆಲ್ವಡೇರ್ ದೂರವಿಲ್ಲ. ಬೆಲ್ವಡೇರ್‌ನಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ, ಮತ್ತು ಕನ್ನಡದ ಕಥೆ ಕೊಲ್ಕತ್ತಕ್ಕೆ ಬರುವುದು ಅಲ್ಲಿಂದಲೇ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ದೇಶದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಮೂವತ್ತು ದಿನದೊಳಗೆ ತಮ್ಮ ಖರ್ಚಿನಲ್ಲಿ ಅಲ್ಲಿಗೆ ಕಳಿಸಬೇಕು. ಧಾರವಾಡದ ಕಥಾಸಂಕಲನವಾಗಲಿ, ಪುತ್ತೂರಿನ ಯಕ್ಷಗಾನ ಪ್ರಸಂಗವಾಗಲಿ, ಕಾಸರಗೋಡಿನ ಕವಿಯ ಮೊದಲ ಪುಸ್ತಕವಾಗಲಿ, ಕಾಯ್ದೆಯ ಲೆಕ್ಕದಲ್ಲಿ ಎಲ್ಲದರ ಒಂದು ಪ್ರತಿ ಹೂಗ್ಲಿ ತೀರದ ಈ ಊರಿನಲ್ಲಿರಬೇಕು. ಕಳಿಸದಿದ್ದರೆ ಆ ಕಾಯ್ದೆ ಗೊತ್ತುಮಾಡಿದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ, ಜೊತೆಗೆ ಪುಸ್ತಕದ ಬೆಲೆ. ಐವತ್ತು ರೂಪಾಯಿಯ ಭಯಕ್ಕೆ ಯಾರು ಅಂಚೆಕಚೇರಿಗೆ ಹೋಗುತ್ತಾರೆ!

ಹಾಗೆ ಬಂದ ಪುಸ್ತಕಗಳನ್ನು ದೇಶಕ್ಕೆಲ್ಲ ತಿಳಿಸಲೆಂದೇ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ 1958ರಲ್ಲಿ ಆರಂಭವಾಯಿತು. ಅದರ ಹಿಂದಿದ್ದವರು ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಗ್ರಂಥಪಾಲಕ ಬಿ.ಎಸ್. ಕೇಶವನ್, ಅಂದರೆ ಬಳ್ಳಾರಿ ಶಾಮಣ್ಣ ಕೇಶವನ್. (ಅವರ ಹೆಸರನ್ನೇ ಸೂಚಿಯಲ್ಲಿ ಬಳ್ಳಾರಿಯ ಕೆಳಗೆ ಹಾಕಬೇಕೋ, ಕೇಶವನ್ ಕೆಳಗೋ ಎಂದು ದಕ್ಷಿಣದವರಲ್ಲದ ಗುಮಾಸ್ತರೊಬ್ಬರು ತಲೆ ಕೆರೆದುಕೊಂಡಿದ್ದರೆ ಆಶ್ಚರ್ಯವಿಲ್ಲ.) ಆ ಗ್ರಂಥಸೂಚಿ ದೊಡ್ಡ ಸಾಧನೆ. ಹಲವು ಭಾಷೆಗಳ ಪುಸ್ತಕಗಳು ಒಂದೇ ಪಟ್ಟಿಯಲ್ಲಿ, ಡ್ಯೂಯಿ ಕ್ರಮದಲ್ಲಿ, ಜೊತೆಗೆ ಕೋಲನ್ ಸಂಖ್ಯೆಯೂ ಇಟ್ಟುಕೊಂಡು ಕುಳಿತವು. ಎಲ್ಲವೂ ಒಂದೇ ಸಾಲಿನಲ್ಲಿ ಕೂರಲು ಒಂದೇ ಲಿಪಿ ಬೇಕಿತ್ತು, ಅದಕ್ಕೆ ರೋಮನ್ ಲಿಪಿಯನ್ನು ಆರಿಸಿಕೊಂಡರು. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಇಟ್ಟು ಕನ್ನಡವನ್ನು ತಪ್ಪಿಲ್ಲದೆ ಬರೆಯಬಹುದು. 1958ರ ಮಟ್ಟಿಗೆ ಆ ತೀರ್ಮಾನ ಸರಿಯೇ.

ತೊಂದರೆ ಬಂದದ್ದು ಆಮೇಲೆ, ಗೆರೆ ಚುಕ್ಕೆಗಳು ಉದುರಿಹೋದಾಗ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ದೊಡ್ಡ ಯೋಜನೆ ಕನ್ನಡದ ಸಾವಿರಾರು ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಇಂದು ಎಷ್ಟೋ ಅಪರೂಪದ ಪುಸ್ತಕಗಳು ಉಳಿದಿರುವುದು ಆ ಪುಣ್ಯದಿಂದಲೇ. ಆದರೆ ಅಲ್ಲಿ ಪುಸ್ತಕದ ಹೆಸರು ದಾಖಲಾದದ್ದು ಬೆರಳಚ್ಚು ಮಾಡಿದವರಿಗೆ ತೋಚಿದ ರೋಮನ್ ಕಾಗುಣಿತದಲ್ಲಿ. ಕಾರಂತ ಎಂಬ ಹೆಸರಿನ ಕೊನೆಗೆ 'ಎಚ್' ಇದೆಯೋ, ಅದರ ಮುಂದೆ 'ಎ' ಇದೆಯೋ, ಎರಡೂ ಇಲ್ಲವೋ ಎಂದು ಊಹಿಸುತ್ತಾ ಕೂರಬೇಕು. ಬರೀ ಕಾಗುಣಿತದ ಗೋಜಲಾದರೆ ಪರವಾಗಿಲ್ಲ. ಮಾಸ್ತಿಯವರು 'ಶ್ರೀನಿವಾಸ'ರೂ ಹೌದು, ಬೇಂದ್ರೆಯವರು 'ಅಂಬಿಕಾತನಯದತ್ತ'ರೂ ಹೌದು, ಗೋಕಾಕರು 'ವಿನಾಯಕ'ರೂ ಹೌದು, ಕುವೆಂಪು ಕೆ.ವಿ. ಪುಟ್ಟಪ್ಪನವರೂ ಹೌದು. ಇವೆಲ್ಲ ಒಬ್ಬರೇ ಎಂದು ಕನ್ನಡ ಓದುಗರಿಗೆ ಗೊತ್ತು. ಯಂತ್ರಕ್ಕೆ ಯಾರಾದರೂ ಒಮ್ಮೆ ಹೇಳಬೇಕು. ಗ್ರಂಥಾಲಯಗಳು ಇಂಥ ಹೆಸರುಗಳನ್ನು ಒಂದೇ ಎಳೆಗೆ ಕಟ್ಟುವ ಪ್ರಮಾಣ ಪಟ್ಟಿಗಳನ್ನು ನೂರು ವರ್ಷಕ್ಕೂ ಹಿಂದಿನಿಂದ ಇಟ್ಟುಕೊಂಡು ಬಂದಿವೆ. ಕನ್ನಡ ಲೇಖಕರಿಗೆ ಅಂಥದೊಂದು ಪಟ್ಟಿ, ಕನ್ನಡ ಲಿಪಿಯಲ್ಲಿ, ಯಾರು ಬೇಕಾದರೂ ಬಳಸುವಂತೆ ಎಲ್ಲರ ಕೈಗೆ ಸಿಗಬೇಕು.

ಪಟ್ಟಿ, ವರ್ಗ, ಪ್ರಮಾಣ ಎಲ್ಲ ಹಳೆಯ ಕಾಲದ ಮಾತು, ಈಗ ಪುಸ್ತಕದ ಒಳಗಿನ ಪದಗಳನ್ನೇ ಹುಡುಕಬಹುದಲ್ಲ ಎಂಬುದು ಇದಕ್ಕೆ ಬರುವ ಉತ್ತರ. ಉಡಾಫೆಯ ಉತ್ತರವಲ್ಲ ಅದು. ಪದ ಹುಡುಕುವ ಯಂತ್ರದ ಹೃದಯದಲ್ಲಿರುವುದು ಪುಸ್ತಕದ ಕೊನೆಯಲ್ಲಿರುವಂಥ ಪದಸೂಚಿ: ಒಂದೊಂದು ಪದದ ಮುಂದೆ ಅದು ಬರುವ ದಾಖಲೆಗಳ ಸಾಲು. ಸಂಗ್ರಹ ಬೆಳೆಯುತ್ತಿದ್ದರೆ ಈ ಸೂಚಿಯನ್ನು ದಿನವೂ ಹೊಸದಾಗಿ ಬರೆಯುವುದು ಆಗದ ಮಾತು. ಅದಕ್ಕೆ ಕಂಪ್ಯೂಟರಿನವರು ಹುಡುಕಿದ ಉಪಾಯ ಅಂಗಡಿ ಲೆಕ್ಕ ಬರೆದವರಿಗೆ ಚೆನ್ನಾಗಿ ಗೊತ್ತು. ದಿನದ ವ್ಯವಹಾರ ಕಿರ್ದಿಯಲ್ಲಿ, ಆಮೇಲೆ ಖಾತೆಗೆ. ಹೊಸ ದಾಖಲೆಗಳಿಗೆ ಒಂದು ಚಿಕ್ಕ ಸೂಚಿ, ಹುಡುಕುವಾಗ ಚಿಕ್ಕದು ದೊಡ್ಡದು ಎರಡನ್ನೂ ನೋಡುವುದು. ಒಂದೇ ಗಾತ್ರದ ಎರಡು ಸೂಚಿಗಳಾದಾಗ ಅವನ್ನು ಕೂಡಿಸಿ ಒಂದು ಮಾಡುವುದು. ಹೀಗೆ ಇಮ್ಮಡಿ ಇಮ್ಮಡಿಯಾಗಿ ಬೆಳೆಸಿದರೆ ಸಂಗ್ರಹ ಸಾವಿರ ಪಟ್ಟು ಬೆಳೆದರೂ ಒಂದು ನಮೂದನ್ನು ಹತ್ತು ಸಲಕ್ಕಿಂತ ಹೆಚ್ಚು ನಕಲು ಮಾಡಬೇಕಾಗುವುದಿಲ್ಲ. ಬೆಳವಣಿಗೆಯ ಯಾಂತ್ರಿಕ ಭಾಗ ಮುಗಿದ ಸಮಸ್ಯೆ. ಅದರ ಮೇಲೆ, 1972ರಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ ತೋರಿಸಿದಂತೆ, ಎಲ್ಲ ಕಡೆ ಬರುವ ಪದಕ್ಕೆ ಕಡಿಮೆ ಬೆಲೆ, ಅಪರೂಪಕ್ಕೆ ಬರುವ ಪದಕ್ಕೆ ಹೆಚ್ಚು ಬೆಲೆ ಕೊಟ್ಟರೆ ಬೇಕಾದ ದಾಖಲೆ ಮೇಲಕ್ಕೆ ತೇಲುತ್ತದೆ.

ಪದಗಳ ಪರವಾಗಿ ಸಾಕ್ಷಿಯೂ ಇದೆ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ ವಿಮಾನಶಾಸ್ತ್ರದ 1,400 ಪ್ರಬಂಧಗಳನ್ನಿಟ್ಟುಕೊಂಡು ಬಗೆಬಗೆಯ ಸೂಚಿ ಪದ್ಧತಿಗಳನ್ನು ಪರೀಕ್ಷಿಸಿದರು. ಅಳತೆಗೋಲು ಎರಡು: ಸಿಕ್ಕಿದ್ದರಲ್ಲಿ ಬೇಕಾದದ್ದೆಷ್ಟು, ಬೇಕಾದದ್ದರಲ್ಲಿ ಸಿಕ್ಕಿದ್ದೆಷ್ಟು. ಪಂಡಿತರು ಶ್ರಮಪಟ್ಟು ಕಟ್ಟಿದ ಪದ್ಧತಿಗಳಿಗಿಂತ ಪ್ರಬಂಧದಿಂದಲೇ ಎತ್ತಿಕೊಂಡ ಬಿಡಿಪದಗಳು ಕಳಪೆಯಾಗಿರಲಿಲ್ಲ, ಹಲವು ಸಲ ಮೇಲಾಗಿದ್ದವು. ವರ್ಗೀಕರಣದವರಿಗೆ ಇದು ನುಂಗಲಾರದ ತುತ್ತು.

ಆದರೆ ಆ 1,400 ಪ್ರಬಂಧಗಳು ಇಂಗ್ಲಿಷಿನಲ್ಲಿದ್ದವು, ಒಂದೇ ಶಾಸ್ತ್ರದವಾಗಿದ್ದವು, ಒಂದೇ ಪರಿಭಾಷೆ ಬಲ್ಲ ಜನ ಬರೆದವಾಗಿದ್ದವು. 1985ರಲ್ಲಿ ಡೇವಿಡ್ ಬ್ಲೇರ್ ಮತ್ತು ಎಂ.ಇ. ಮ್ಯಾರನ್ ಪ್ರಕಟಿಸಿದ ಅಧ್ಯಯನ ಅದರ ಇನ್ನೊಂದು ಮಗ್ಗುಲು ತೋರಿಸಿತು. ಅಪಘಾತವೊಂದರ ಮೊಕದ್ದಮೆಗೆ ವಕೀಲರು ಸುಮಾರು 40,000 ದಾಖಲೆಗಳಲ್ಲಿ ಪದಗಳಿಂದ ಹುಡುಕುತ್ತಿದ್ದರು. ಬೇಕಾದದ್ದರಲ್ಲಿ ಮುಕ್ಕಾಲು ಪಾಲಾದರೂ ಸಿಕ್ಕಿದೆ ಎಂದು ಅವರ ನಂಬಿಕೆ. ಅಳೆದು ನೋಡಿದರೆ ಸಿಕ್ಕಿದ್ದು ಸುಮಾರು ಐದರಲ್ಲೊಂದು ಪಾಲು. ಒಂದು ಕಡೆಯವರು 'ಅಪಘಾತ' ಎಂದು ಬರೆದದ್ದನ್ನು ಇನ್ನೊಂದು ಕಡೆಯವರು 'ಘಟನೆ', 'ಪರಿಸ್ಥಿತಿ', 'ತೊಂದರೆ' ಎಂದೆಲ್ಲ ಬರೆದಿದ್ದರು. ಸಿಗದೆ ಹೋದದ್ದಕ್ಕಿಂತ ದೊಡ್ಡ ಅಪಾಯವೆಂದರೆ ಸಿಗದೆ ಹೋಗಿದೆ ಎಂದೇ ಅವರಿಗೆ ತಿಳಿಯಲಿಲ್ಲ.

ಕನ್ನಡದಲ್ಲಿ ಈ ಕಷ್ಟ ಎರಡು ಪಟ್ಟು. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಹಳೆಯ ಕೆರೆಗಳ ಬಗ್ಗೆ ಹುಡುಕುವ ವಿದ್ಯಾರ್ಥಿನಿಯೊಬ್ಬಳನ್ನು ನೆನೆದುಕೊಳ್ಳಬಹುದು. 'ಕೆರೆ' ಎಂದು ಕೊಟ್ಟರೆ ಮೊದಲಿಗೆ ಹಳೆಯ ಶಕಟರೇಫದ 'ಕೆಱೆ' ತಪ್ಪಿಹೋಗುತ್ತದೆ. ಪದವನ್ನು ಇಡಿಯಾಗಿಯೇ ಹೋಲಿಸುವ ಯಂತ್ರವಾದರೆ ಕೆರೆಯ, ಕೆರೆಗೆ, ಕೆರೆಗಳಲ್ಲಿ, ಕೆರೆಯೊಂದು, ಕೆರೆಯಿಲ್ಲ ಎಲ್ಲವೂ ಬೇರೆ ಪದಗಳು. ಬಾಲವನ್ನು ಕತ್ತರಿಸುವ ಬುದ್ಧಿ ಕೊಟ್ಟರೂ ಆದೇಶ ಸಂಧಿಯಾದ 'ಹೆಗ್ಗೆರೆ' ಸಿಗದು. 'ಗೆರೆ' ಎಂದೂ ಹುಡುಕು ಎಂದರೆ ಗೀಟು ಎಂಬ ಅರ್ಥದ ಗೆರೆಗಳೆಲ್ಲ ಬಂದು ಕೂರುತ್ತವೆ. ಇಷ್ಟೆಲ್ಲ ದಾಟಿದ ಮೇಲೂ 'ತಟಾಕ' ಎಂದೋ 'ಸಮುದ್ರ' ಎಂದೋ ಕೆರೆಯನ್ನು ಕರೆದ ಶಾಸನ ಉಳಿಯುತ್ತದೆ. ಕೆರೆಯ ಸಲುವಾಗಿ ಬಿಟ್ಟ ಭೂಮಿಯನ್ನು 'ಬಿತ್ತುವಟ್ಟ' ಎಂದಷ್ಟೇ ಹೇಳುವ ಸಾಲು ಉಳಿಯುತ್ತದೆ. ಅವಳ ಪ್ರಬಂಧಕ್ಕೆ ಬೇಕಾದ್ದು ಬಹುಶಃ ಅದೇ ಸಾಲು. ಶಾಸನ ದಾಖಲಿಸುವ ದಿನ ಯಾರೋ ಒಬ್ಬರು 'ವಿಷಯ: ಕೆರೆ, ದತ್ತಿ' ಎಂದು ಎರಡು ಪದ ಬರೆದಿಟ್ಟಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಇದಕ್ಕೊಂದು ನಿಯಮವೂ ಇದೆ, ಹೀಪ್ಸ್ ಎಂಬುವರ ಹೆಸರಿನದು. ಪಠ್ಯ ಬೆಳೆದಂತೆ ಹೊಸ ಪದಗಳು ಬರುವುದು ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಪಠ್ಯ ನಾಲ್ಕು ಪಟ್ಟಾದರೆ ಬೇರೆಬೇರೆ ಪದಗಳ ಸಂಖ್ಯೆ ಸುಮಾರಾಗಿ ಎರಡು ಪಟ್ಟಾಗುತ್ತದೆ. ಪ್ರತ್ಯಯ, ಸಂಧಿ, ಸಮಾಸಗಳನ್ನು ಒಂದರ ಮೇಲೊಂದು ಹೇರಿಕೊಳ್ಳುವ ಕನ್ನಡದಂಥ ಭಾಷೆಯಲ್ಲಿ ಆ ಬೆಳವಣಿಗೆ ಇನ್ನೂ ಚುರುಕು. ಅಂದರೆ ಇಂಗ್ಲಿಷಿಗೆ ಸಾಕಾದ ಉಪಾಯ ಕನ್ನಡದ ರಾಶಿ ದೊಡ್ಡದಾದಷ್ಟೂ ಸೋಲುತ್ತಾ ಹೋಗುತ್ತದೆ. ಇದರ ಜೊತೆಗೆ ಯೂನಿಕೋಡ್ ಬರುವ ಮುಂಚಿನ ಅಕ್ಷರಶೈಲಿಗಳಲ್ಲಿ ಟೈಪಾದ ಕಡತಗಳಿವೆ. ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಚಿಹ್ನೆಗಳ ರಾಡಿ. ಬರೀ ಚಿತ್ರವಾಗಿರುವ ಪಿಡಿಎಫ್‌ಗಳಲ್ಲಂತೂ ಪದವೇ ಇಲ್ಲ.

ಅರ್ಥದ ಮೇಲೆಯೇ ಹುಡುಕುವ ಹೊಸ ಯಂತ್ರಗಳು ಇದನ್ನೆಲ್ಲ ಬಗೆಹರಿಸುತ್ತವೆ ಎಂಬ ಭರವಸೆ ಈಗ ಕೇಳಿಬರುತ್ತಿದೆ. ಸ್ವಲ್ಪ ಮಟ್ಟಿಗೆ ನಿಜ. ಕೆರೆಗೂ ತಟಾಕಕ್ಕೂ ನಂಟಿದೆ ಎಂದು ಅವು ತಾವೇ ಕಲಿಯುತ್ತವೆ. ಆದರೆ ಕಲಿಯುವುದು ಓದಿದ ಪಠ್ಯದಿಂದ. ಓದಲು ಬರುವಂಥ ಕನ್ನಡ ಪಠ್ಯವೇ ಕಡಿಮೆಯಿದ್ದರೆ, ಹಳಗನ್ನಡ ಇನ್ನೂ ಕಡಿಮೆಯಿದ್ದರೆ, 'ಬಿತ್ತುವಟ್ಟ' ಅವಕ್ಕೂ ಅಪರಿಚಿತವೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಪದಗಳ ಹಳೆಯ ರೂಪಗಳೂ ಪ್ರಯೋಗಗಳೂ ಇವೆ. ಹುಡುಕುವ ಯಂತ್ರಕ್ಕೆ ಅದನ್ನು ಹೊಲಿದರೆ ಯಾವ ಹೊಸ ಯಂತ್ರಕ್ಕೂ ಕಡಿಮೆಯಿಲ್ಲದ ಉಪಕಾರವಾದೀತು.

ಹಾಗಾದರೆ ಮೊದಲು ಆಗಬೇಕಾದದ್ದು ಪರೀಕ್ಷೆ. ಅದರ ದಾರಿಯೂ ಕೊಲ್ಕತ್ತದಲ್ಲಿಯೇ ಇದೆ. ಭಾರತೀಯ ಭಾಷೆಗಳಲ್ಲಿ ಹುಡುಕಾಟದ ಗುಣಮಟ್ಟ ಅಳೆಯುವ 'ಫೈರ್' ಎಂಬ ವೇದಿಕೆ 2008ರಲ್ಲಿ ಆರಂಭವಾದಾಗ ಅದರ ಹಿಂದಿದ್ದವರಲ್ಲಿ ಬಾರಾನಗರದ ಐಎಸ್‌ಐ ಪ್ರಮುಖವಾದದ್ದು. ಪತ್ರಿಕೆಗಳ ಬರಹಗಳನ್ನು ಒಟ್ಟುಮಾಡಿ, ಪ್ರಶ್ನೆಗಳನ್ನು ಬರೆದು, ಪ್ರತಿ ಪ್ರಶ್ನೆಗೆ ಯಾವ ಬರಹ ಉತ್ತರ ಎಂದು ಮನುಷ್ಯರಿಂದಲೇ ತೀರ್ಪು ಪಡೆದು, ಅದರ ಮುಂದೆ ಯಂತ್ರಗಳನ್ನು ನಿಲ್ಲಿಸಿದರು. ಆ ಮೊದಲ ಸುತ್ತಿನಲ್ಲಿ ಬಂಗಾಳಿ, ಹಿಂದಿ, ಮರಾಠಿ, ಇಂಗ್ಲಿಷ್ ಇದ್ದವು. ಕನ್ನಡ ಇರಲಿಲ್ಲ. ಕನ್ನಡಕ್ಕೆ ಅಂಥದೊಂದನ್ನು ಮಾಡಲು ಕೋಟಿಗಳು ಬೇಡ. ಐವತ್ತು ಪ್ರಶ್ನೆಗಳು, ವಿಷಯ ಬಲ್ಲ ಹತ್ತು ಜನ, ಒಂದು ಬೇಸಿಗೆ ರಜೆ ಸಾಕು. ಒಂದು ಡಿಜಿಟಲ್ ಸಂಗ್ರಹ ಆ ಐವತ್ತರಲ್ಲಿ ಎಷ್ಟಕ್ಕೆ ಬೇಕಾದದ್ದನ್ನು ಎತ್ತಿ ಕೊಡುತ್ತದೆ ಎಂದು ನೋಡಿ, ಮುಂದಿನ ಅನುದಾನವನ್ನು ಸ್ಕ್ಯಾನ್ ಆದ ಪುಟಗಳ ಬದಲು ಆ ಅಂಕಿಯ ಮೇಲೆ ಕೊಡುವಂತಾಗಬೇಕು. ಹಾಗಾದ ದಿನ ಸ್ಕ್ಯಾನರ್ ಪಕ್ಕದಲ್ಲಿ ಒಬ್ಬ ಗ್ರಂಥಪಾಲಕರಿಗೂ ಕುರ್ಚಿ ಬರುತ್ತದೆ. ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ಕಾವ್ಯನಾಮದ ಹಿಂದಿರುವವರು ಯಾರೆಂದು ಗುರುತಿಸಿ, ಯಾವ ಊರು, ಯಾವ ಕಾಲ, ಏನು ವಿಷಯ ಎಂದು ನಾಲ್ಕು ಪದ ಸೇರಿಸುವುದು ಅವರ ಕೆಲಸ. ಒಂದು ಪುಸ್ತಕಕ್ಕೆ ಐದು ನಿಮಿಷ, ಹಟಮಾರಿ ಪುಸ್ತಕವಾದರೆ ಹತ್ತು.